ಹೋಟೆಲಿನ ಮರೆಯಲ್ಲಿ ಅಳೆದ ಗಾಳಿ

ವಿಮಾನ ನಿಲ್ದಾಣದ ಸುರಕ್ಷತಾ ಮುಖ್ಯಸ್ಥರೇ,

ಸೋಮವಾರ ಸಂಜೆ ನಿಮ್ಮ ರನ್‌ವೇಗೆ ಇಳಿಯುತ್ತಿದ್ದ ವಿಮಾನವೊಂದು ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಮತ್ತೆ ಮೇಲೇರಿತು. ಗಾಳಿಯ ವೇಗವೂ ದಿಕ್ಕೂ ದಿಢೀರನೆ ಬದಲಾಗಿ ವಿಮಾನ ಕುಸಿಯತೊಡಗಿತ್ತು ಎಂದು ಪೈಲಟ್ ವರದಿ ಮಾಡಿದ್ದಾಳೆ. ವಿಂಡ್‌ಶಿಯರ್ ಎಂದರೆ ಇದೇ. ಪೈಲಟ್ ನನ್ನ ಮಗಳು. ಒಂದು ಸುತ್ತು ಹಾಕಿ ಬಂದು ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿದಳು. ಮರುದಿನ ನಿಮ್ಮ ಕಚೇರಿ ಅವಳಿಂದಲೇ ವಿವರಣೆ ಕೇಳಿತು: ನಮ್ಮ ಉಪಕರಣದ ಪ್ರಕಾರ ಗಾಳಿ ಶಾಂತವಾಗಿತ್ತು, ಇಂಧನವನ್ನೇಕೆ ಪೋಲು ಮಾಡಿದಿರಿ?

ಆ ಶಾಂತ ಗಾಳಿಯ ದರ್ಶನ ಪಡೆಯಲು ನಾನೇ ಬಂದೆ. ನಿಮ್ಮ ಗಾಳಿಮಾಪಕದ ಕಂಬ ಈಗ ರನ್‌ವೇ ಪಕ್ಕದ ಹೊಸ ಹೋಟೆಲಿನ ಹಿತ್ತಲಿನಲ್ಲಿ, ಗೋಡೆಗೆ ಒತ್ತಿಕೊಂಡು ನಿಂತಿದೆ. ಪಕ್ಕದ ಹಗ್ಗದಲ್ಲಿ ಒಣಹಾಕಿದ್ದ ಹೊದಿಕೆಗಳು ಇಸ್ತ್ರಿ ಮಾಡಿದಂತೆ ಅಲ್ಲಾಡದೆ ನೇರ ಇಳಿಬಿದ್ದಿದ್ದವು. ಗೋಡೆಯ ಮರೆ ಬಿಟ್ಟು ಕಟ್ಟಡದ ಮೂಲೆಗೆ ಬಂದದ್ದೇ ತಡ, ನನ್ನ ಟೊಪ್ಪಿಗೆ ಹಾರಿ ಬೇಲಿಯಾಚೆ ರನ್‌ವೇಯ ಹುಲ್ಲಿನಲ್ಲಿ ಇಳಿಯಿತು. ಅದಕ್ಕೆ ಅನುಮತಿ ಇರಲಿಲ್ಲ, ಒಪ್ಪುತ್ತೇನೆ.

ಕಂಬದ ಬಳಿಯಿದ್ದ ನಿಮ್ಮ ಎಂಜಿನಿಯರ್ ಬಹಳ ಸಜ್ಜನರು. “ಮೊದ್ಲು ರನ್‌ವೇ ತುದೀಲೇ ಇತ್ತು ಸಾರ್. ಅಲ್ಲಿ ವಿಪರೀತ ಗಾಳಿ, ರೀಡಿಂಗು ಒಂದು ಕಡೆ ನಿಲ್ತಾನೇ ಇರ್ಲಿಲ್ಲ. ಇಲ್ಲಿಗೆ ತಂದ್ಮೇಲೆ ನೆಮ್ಮದಿ.”

“ನೆಮ್ಮದಿ ಯಾರಿಗೆ?”

“ನಮ್ಗೇ ಸಾರ್, ಇನ್ಯಾರಿಗೆ!”

ಮಾನ್ಯರೇ, ಜ್ವರ ಬಂದವನ ಥರ್ಮಾಮೀಟರನ್ನು ಐಸಿನಲ್ಲಿಟ್ಟು ಓದುವ ವೈದ್ಯರ ಬಳಿ ನೀವು ಹೋಗುತ್ತೀರಾ? ಗಾಳಿಯನ್ನು ಸೀಳಿ ರನ್‌ವೇ ಮೇಲೆ ಸುಳಿ ಎಬ್ಬಿಸುವ ಕಟ್ಟಡದ ಅಪಾಯವನ್ನು ಅದೇ ಕಟ್ಟಡದ ಮರೆಯಲ್ಲಿ ಅಳೆದು, ‘ಅಪಾಯ ಅತ್ಯಲ್ಪ’ ಎಂದು ನಿಮ್ಮ ಸುರಕ್ಷತಾ ವರದಿಯಲ್ಲಿ ಬರೆದಿದ್ದೀರಿ. ನಿಜ, ಆ ಹೊದಿಕೆಗಳಿಗೆ ಯಾವ ಅಪಾಯವೂ ಇಲ್ಲ.

ಮಗಳು ಎದೆಗುಂದುವವಳಲ್ಲ. ಆದರೂ ನಿನ್ನೆ ಚಹಾ ಕುಡಿಯುತ್ತಾ ಕೇಳಿದಳು: “ಅಪ್ಪಾ, ವಿಮಾನ ಮೇಲೆತ್ತೋಕೆ ಇರೋದೇ ಎರಡು ಮೂರು ಸೆಕೆಂಡು. ಮುಂದಿನ ಸಲ ಆಗ ಇವರು ವಿವರಣೆ ಕೇಳಿದ್ದು ನೆನಪಾಗಿ ಕೈ ತಡೆದ್ರೆ?” ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ.

ಇಲ್ಲವಾದರೆ ಅವಳಿಂದ ವಿವರಣೆ ಕೇಳಿದ ಪತ್ರವನ್ನು ಇಂದೇ ಹಿಂಪಡೆಯಿರಿ. ಕಂಬವನ್ನು ವಿಮಾನ ಇಳಿಯುವ ತುದಿಗೆ ಮರಳಿಸಿ, ಎಲ್ಲ ಕಾಲದ ಗಾಳಿಯನ್ನೂ ಅಳೆದು ಅಪಾಯವನ್ನು ಹೊಸದಾಗಿ ಅಂದಾಜು ಮಾಡಿಸಿ. ಹೋಟೆಲಿಗೆ ಇನ್ನೆರಡು ಮಹಡಿ ಏರಿಸುವ ಅರ್ಜಿಯನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಅದು ಶುಕ್ರವಾರ ನಿಮ್ಮ ಸಮಿತಿಯ ಮುಂದೆ ಬರಲಿದೆ. ಗುರುವಾರ ಸಂಜೆ ನನ್ನ ಮಗಳ ವಿಮಾನ ಅದೇ ರನ್‌ವೇಗೆ ಇಳಿಯಲಿದೆ.

ಇಂತಿ,
ಮಗಳು ಇಳಿದಳೆಂಬ ಫೋನ್ ಬರುವವರೆಗೆ ಊಟಕ್ಕೆ ಕೂರದ ಒಬ್ಬ ಅಪ್ಪ