ಎಡಗಡೆ ಪೆಡಲಿನ ಮರದ ತುಂಡು

ಪ್ರೀತಿಯ ಅಪ್ಪ,

ನೀನು ಹೇಳಿದ್ದು ಹೊಸ ಸೈಕಲ್, ನಾನು ಕೊಂಡದ್ದು ಹಳೇದು. ಬೈಯುವ ಮುಂಚೆ ಪೂರ್ತಿ ಓದು.

ಮಾರಿದವರು ಹಾಸ್ಟೆಲಿನ ಹಿಂದಿನ ಬೀದಿಯ ಟೈಲರಮ್ಮ. ಸೈಕಲ್ ಅವರ ತೀರಿಹೋದ ಗಂಡನದು. ಎಡಗಡೆ ಪೆಡಲಿನ ಮೇಲೆ ದಪ್ಪನೆಯ ಮರದ ತುಂಡೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ, ಸವೆದು ಸವೆದು ನುಣ್ಣಗಾಗಿದೆ.

"ನಮ್ಮವರಿಗೆ ಎಡಗಾಲು ಗಿಡ್ಡ, ಪೆಡಲು ಎಟುಕ್ತಿರಲಿಲ್ಲ. ತಾಳು, ಬಿಚ್ಚಿಕೊಡ್ತೀನಿ" ಅಂತ ಸ್ಪ್ಯಾನರ್ ತಂದರು. ಬೇಡ ಅಂದೆ. ಆ ತುಂಡಿನ ಮೇಲೆ ಕಾಲಿಟ್ಟು ಆ ಮನುಷ್ಯ ಕೆಲಸ ಬಿಡುವವರೆಗೂ ದಿನಾ ಗಿರಣಿಗೆ ಹೋಗಿಬಂದರಂತೆ, ಏರುರಸ್ತೆಯಲ್ಲೂ ಇಳಿಯದೆ. ಇಷ್ಟೇನಾ ಅಪ್ಪ? ಒಂದು ಮರದ ತುಂಡು? ನಿನ್ನ ಗಿಡ್ಡ ಎಡಗಾಲು ತೋರಿಸಿ "ಇದನ್ನಿಟ್ಕೊಂಡು ಸೈಕಲ್ಲಾ" ಅಂತ ನೀನು ನಗುತ್ತಲೇ ಬಂದೆ, ನಾವೂ ನಂಬಿಕೊಂಡೇ ಬಂದೆವು.

ಸದ್ಯಕ್ಕೆ ನನ್ನ ಎಡಮಂಡಿ ಗದ್ದಕ್ಕೆ ಬಡಿಯೋದೊಂದು ಬಾಕಿ. ಗೆಳತಿಯರು ಬಿದ್ದು ಬಿದ್ದು ನಗ್ತಾರೆ. ನಗಲಿ, ತುಂಡು ಮಾತ್ರ ಬಿಚ್ಚಿಲ್ಲ.

ಎರಡೂ ಕಾಲಿನ ಅಳತೆಯನ್ನು ಅಮ್ಮನ ಕೈಲಿ ತೆಗೆಸಿ ಕಳಿಸು. ಇಲ್ಲಿನ ಬಡಗಿ ನಿನಗೆ ಸರಿಹೊಂದೋ ತುಂಡು ಮಾಡಿಕೊಡ್ತಾನೆ. ರಜೆಗೆ ಸೈಕಲ್ ಸಮೇತ ಬರ್ತೀನಿ. ನಾನು ಕಲಿಯುವಾಗ ಹಿಂದೆ ಓಡಲಾಗದೆ ನೀನು ಗೇಟು ಹಿಡಿದು ನಿಂತಿದ್ದೆ. ಈ ಸಲ ಓಡುವವಳು ನಾನು.

ನಿನ್ನ ದೊಡ್ಡ ಮಗಳು