ಹಿಂದಿನ ಸೀಟಿನ ಭಾರ

ಬುಧವಾರ, ಸಂಜೆ ನಾಲ್ಕು ಗಂಟೆ

ಪ್ರೀತಿಯ ಅಮ್ಮ,

ಒಂದೇ ಮನೆಯಲ್ಲಿದ್ದುಕೊಂಡು, ಗೋಡೆಯಾಚೆ ನೀನು ಬಟ್ಟೆ ಕೊಡವಿ ಮಡಚುವ ಸದ್ದು ಕೇಳಿಸಿಕೊಳ್ಳುತ್ತಾ ನಿನಗೆ ಪತ್ರ ಬರೆಯುತ್ತಿದ್ದೇನೆ. ಇವಳಿಗೆ ತಲೆ ಕೆಟ್ಟಿದೆ ಅಂದುಕೋ, ಪರವಾಗಿಲ್ಲ. ಇದನ್ನು ನಿನ್ನ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿರುತ್ತೇನೆ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿನ ಡಾಕ್ಟರ ಹತ್ತಿರ ಹೋಗಿ, ನನಗೆ ಗಾಡಿ ಓಡಿಸುವ ಪರೀಕ್ಷೆ ಬೇಡ, ಕೀ ನೀವೇ ಇಟ್ಟುಕೊಳ್ಳಿ, ಇನ್ನು ಮೇಜಿನ ಮುಂದೆ ಕೂತು ರೋಗಿಗಳ ಚೀಟಿ ಬರೆಯುತ್ತೇನೆ ಅಂತ ಹೇಳುವ ಮೊದಲು ಇದನ್ನು ಓದು.

ಇಪ್ಪತ್ತೆರಡು ವರ್ಷ ಕ್ಲಿನಿಕ್ಕಿನ ಮೋಟಾರ್‌ಸೈಕಲ್ಲಿನಲ್ಲಿ ಮನೆಮನೆ ಸುತ್ತಿ, ಹಾಸಿಗೆ ಹಿಡಿದವರ ಗಾಯ ತೊಳೆದು ಬಂದ ನರ್ಸ್ ನೀನು. ಅಂಥವಳು ಎರಡು ತಿಂಗಳಿಂದ ಹಿತ್ತಲಿನ ಸಿಮೆಂಟು ನೆಲದ ಮೇಲೆ, ಸೀಮೆಸುಣ್ಣದ ಎರಡು ಗೆರೆಗಳ ನಡುವೆ ಪಕ್ಕದ ಮನೆಯವರ ಸೈಕಲ್ ತುಳಿದೆ. ಪರೀಕ್ಷೆಯಲ್ಲಿ ಕಾಲು ಊರದೆ ನಿಧಾನವಾಗಿ ಗಾಡಿ ಓಡಿಸಿ ತೋರಿಸಬೇಕಲ್ಲ, ಅದಕ್ಕೆ ಸೈಕಲ್ ರಿಪೇರಿಯವರು ಹೇಳಿಕೊಟ್ಟ ಉಪಾಯ ಅದು. ಜೋರಾಗಿ ಹೋಗೋದು ಯಾರಿಗಾದ್ರೂ ಬರುತ್ತೆ, ನಡೆಯೋರಿಗಿಂತ ನಿಧಾನ ಹೋಗೋದೇ ಕಷ್ಟ, ಸೈಕಲ್ಲಾದ್ರೆ ತಪ್ಪಿದ್ರೂ ಕಾಲು ಊರಬಹುದು, ಮೋಟಾರ್‌ಸೈಕಲ್ ಮೈಮೇಲೇ ಬೀಳುತ್ತೆ ಅಂದಿದ್ದರು. ಹಿಂದಿನ ಬ್ರೇಕನ್ನ ಒಂಚೂರು ಒತ್ತಿಕೊಂಡೇ ತುಳೀರಿ, ಚಕ್ರ ನೋಡಬೇಡಿ, ದೂರ ನೋಡಿ ಅಂದಿದ್ದರು. ನೀನು ದೂರ ನೋಡಲು ಹೋಗಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕತ್ತು ಕೊಟ್ಟೆ. ಎದುರುಮನೆಯ ಟೈಲರ್ ಅಜ್ಜ, ಬೇಗ ಕಲಿತುಕೋ ತಾಯಿ, ಬರೋ ವರ್ಷ ಸ್ಕೂಲಿಗೆ ಸೇರಿಸೋಣ ಅಂತ ರೇಗಿಸಿದರು.

ನಾನು ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದೆ. ಮೊದಲ ದಿನ ನಾನು ಏಳು ಎಣಿಸುವಷ್ಟರಲ್ಲಿ ನೀನು ಗೆರೆಯ ಆ ತುದಿಗೆ ಹೋಗಿ ಧೊಪ್ಪನೆ ಕಾಲು ಊರಿದ್ದೆ. ಹೋದ ಶನಿವಾರ ಅಷ್ಟೇ ದೂರಕ್ಕೆ ಇಪ್ಪತ್ತಾರು ಎಣಿಸಿದೆ. ಚಕ್ರ ಪಕ್ಕದ ಗೆರೆ ಮುಟ್ಟಲಿಲ್ಲ, ನೀನು ಕಾಲು ಊರಲಿಲ್ಲ. ನೀನು ಸೈಕಲ್ಲಿನ ಸೀಟು ತಟ್ಟಿ ನಕ್ಕೆ. ಆ ನಗು ನೋಡಿ ನನಗೆ ಖುಷಿಯೂ ಆಯಿತು, ಎಲ್ಲಾದರೂ ಓಡಿಹೋಗೋಣ ಅಂತಲೂ ಅನ್ನಿಸಿತು.

ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಹೋಗುವುದೂ ಇರುತ್ತದಲ್ಲ, ಪರೀಕ್ಷೆಯ ಅರ್ಧ ಭಾಗ ಹಿಂದೆ ಒಬ್ಬರನ್ನು ಕೂರಿಸಿಕೊಂಡೇ ಮಾಡಬೇಕು. ಅದಕ್ಕೇ ಭಾನುವಾರ ನೀನು ಕ್ಯಾರಿಯರ್ ಮೇಲೆ ಮರಳಿನ ಮೂಟೆ ಕಟ್ಟಿದೆ. ಅದು ನಡುವೆ ಎಡಕ್ಕೆ ಜಾರಿತು, ಸೈಕಲ್ಲೂ ನೀನೂ ಎಡಕ್ಕೆ ಬಿದ್ದಿರಿ. ಮೊಣಕೈ ತರಚಿತು. ಎದ್ದವಳು ಮೊದಲು ಮೂಟೆ ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಆವತ್ತು ಗಾಡಿ ಬಿದ್ದಾಗಲೂ ಕೈಗೆ ಹೀಗೇ ಎಳೆದ ಹಾಗೆ ಅನ್ನಿಸಿತ್ತು ಕಣೇ, ಅಂದೆ. ನಾನು ನೀರು ತರುತ್ತೇನೆ ಅಂತ ಒಳಗೆ ಹೋದೆ. ಬರುವಷ್ಟರಲ್ಲಿ ನೀನು ತೀರ್ಮಾನ ಮಾಡಿಬಿಟ್ಟಿದ್ದೆ. ಮುರಿದ ಕೈಗೆ ಒಂದು ಗಂಟು ಬಿಗಿಯೋಕೆ ಬರಲ್ಲ, ಇನ್ನು ಗಾಡಿ ಹಿಡಿಯೋಕೆ ಬರುತ್ತಾ ಅಂದೆ. ಅವತ್ತಿನಿಂದ ಸೈಕಲ್ ಗೋಡೆಗೆ ಒರಗಿಕೊಂಡೇ ಇದೆ.

ಅಮ್ಮ, ನಾಲ್ಕು ತಿಂಗಳ ಹಿಂದೆ ನನ್ನ ಆಫೀಸಿನ ತಿರುವಿನಲ್ಲಿ ಮೋಟಾರ್‌ಸೈಕಲ್ ಬಿದ್ದದ್ದು ನಿನ್ನಿಂದ ಅಲ್ಲ. ಹಿಂದೆ ಕೂತಿದ್ದ ನಾನು ನಡುವೆಯೇ ಇಳಿದೆ.

ಗಾಡಿ ನಿಂತಿತು ಅಂದುಕೊಂಡೆ ಅಂತ ಇಲ್ಲೊಂದು ಸಾಲು ಬರೆದು ಹೊಡೆದು ಹಾಕಿದ್ದೇನೆ, ನೋಡು. ಅದು ಸುಳ್ಳು. ನಿಂತಿಲ್ಲ ಅಂತ ನನಗೆ ಗೊತ್ತಿತ್ತು. ಗೇಟಿನ ಹತ್ತಿರ ನನ್ನ ಜೊತೆ ಕೆಲಸ ಮಾಡುವ ನಾಲ್ಕು ಜನ ನಿಂತಿದ್ದರು. ಔಷಧಿ ವಾಸನೆಯ ಪೆಟ್ಟಿಗೆ ನೇತುಹಾಕಿದ ಹಳೇ ಗಾಡಿಯಲ್ಲಿ, ಅಮ್ಮನ ಸೊಂಟ ಹಿಡಿದುಕೊಂಡು ಬಂದೆ ಅಂತ ಅವರಿಗೆ ಕಾಣಬಾರದಿತ್ತು. ಆ ಗಾಡಿಯಲ್ಲೇ ದುಡಿದು ನೀನು ನನ್ನನ್ನು ಓದಿಸಿದ್ದು. ನೀನು ತಿರುಗಿಸಲು ನಿಧಾನ ಮಾಡಿದ್ದನ್ನೇ ಕಾದು, ಬಲಗಾಲು ಎತ್ತಿ ಎಡಕ್ಕೆ ಹಾರಿದೆ. ಅಷ್ಟು ನಿಧಾನದಲ್ಲಿ ಹಿಂದಿನ ಭಾರ ಹಾಗೆ ಸರಿದರೆ ಯಾರ ಕೈಯಲ್ಲೂ ಗಾಡಿ ನಿಲ್ಲುವುದಿಲ್ಲ. ನಾನು ಕಾಲ ಮೇಲೆ ನಿಂತೆ, ನೀನು ಗಾಡಿಯ ಕೆಳಗಿದ್ದೆ.

ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮಧ್ಯಾಹ್ನ ನೀನು ನನ್ನ ತಲೆ ಸವರಿ, ನಿನಗೇನಾದ್ರೂ ಆಗಿದ್ರೆ ನನ್ನ ಗತಿ ಏನಾಗ್ತಿತ್ತು, ತಪ್ಪಾಯ್ತು ಮಗಳೇ ಅಂದೆ. ನಾನು, ಹೋಗಲಿ ಬಿಡಮ್ಮ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂದೆ. ತಪ್ಪು ಮಾಡಿದವಳೂ ನಾನು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳೂ ನಾನೇ. ನೀನು ನನ್ನ ಮಾತನ್ನೇ ಹೊತ್ತುಕೊಂಡು ಹೋಗಿ ಡಾಕ್ಟರಿಗೆ ಹೇಳಿದೆ, ವಯಸ್ಸಾಯ್ತು ಅಂತ. ಅದಕ್ಕೇ ಅವರು ಪರೀಕ್ಷೆ ಇಟ್ಟದ್ದು. ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ನನಗೆ ತಿಂದ ಅನ್ನ ಮೈಗೆ ಹತ್ತಿಲ್ಲ. ಹಾಗಂತ ಬಾಯಿ ಬಿಡಲೂ ಇಲ್ಲ.

ನಾಳೆ ನಾನೂ ಕ್ಲಿನಿಕ್ಕಿಗೆ ಬರುತ್ತೇನೆ, ಡಾಕ್ಟರಿಗೆ ನಾನೇ ಹೇಳುತ್ತೇನೆ. ನೀನು ಬೈಯಿ, ಮಾತು ಬಿಡು, ಕೆನ್ನೆಗೆ ಎರಡು ಬಾರಿಸು. ಆದರೆ ಶುಕ್ರವಾರ ಪರೀಕ್ಷೆಗೆ ಹೋಗು. ನನ್ನ ಮೇಲೆ ಇನ್ನೂ ನಂಬಿಕೆ ಇದ್ದರೆ ಹಿಂದೆ ನಾನೇ ಕೂರುತ್ತೇನೆ, ನೀನು ಇಳಿ ಅನ್ನುವವರೆಗೆ ಅಲ್ಲಾಡುವುದಿಲ್ಲ. ಪಾಸಾದ ಮೇಲೆ ನನ್ನನ್ನು ಆಫೀಸಿನ ಗೇಟಿನ ಎದುರಿಗೇ ತಂದು ಇಳಿಸು, ಹಾರ್ನ್ ಬೇಕಾದರೂ ಹೊಡಿ. ನಂಬಿಕೆ ಇಲ್ಲದಿದ್ದರೆ ಬೇರೆ ಯಾರನ್ನಾದರೂ ಕೂರಿಸಿಕೋ. ನನಗೆ ಬೇಜಾರಾಗುತ್ತದೆ, ಆದರೆ ಯಾಕೆ ಅಂತ ಕೇಳುವ ಹಕ್ಕು ನನಗಿಲ್ಲ.

ಲೋಕದ ಸುದ್ದಿಯೆಲ್ಲ ಹರಟಿ, ಇದೊಂದನ್ನು ನುಂಗಿಕೊಂಡು ಕೂತಿದ್ದ,
ನಿನ್ನ ಬಾಯಿಬಡುಕಿ

ತಾ.ಕ.: ಭಾನುವಾರ ನೀನು ಹಾಕಿದ ಗಂಟು ಬಿಗಿಯಾಗಿಯೇ ಇತ್ತು. ನೀನು ಚಪ್ಪಲಿ ಹಾಕಿಕೊಳ್ಳಲು ಒಳಗೆ ಹೋದಾಗ ನಾನು ಅದನ್ನು ಬಿಚ್ಚಿ ಸಡಿಲವಾಗಿ ಕಟ್ಟಿದೆ. ಹಿಂದಿನ ಭಾರ ಸರಿದೇ ಆವತ್ತು ಗಾಡಿ ಬಿತ್ತು ಅನ್ನುವುದು, ನನ್ನ ಬಾಯಿಂದ ಬಾರದ್ದು, ಮೂಟೆಯಿಂದಲಾದರೂ ನಿನಗೆ ಗೊತ್ತಾಗಲಿ ಅಂತ. ಎರಡನೇ ಸಲವೂ ನಿನ್ನನ್ನು ಬೀಳಿಸಿದವಳು ನಾನೇ. ಆ ಗಂಟು ಬೆರಳಿಗೆ ಬಗ್ಗಲಿಲ್ಲ ಅಮ್ಮ, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ನಿನ್ನ ಕೈಗೆ ಏನೂ ಆಗಿಲ್ಲ.