ಮೂರನೇ ಕುರ್ಚಿಯ ಸರದಿ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 6.20

ಕೌಂಟರ್ ತೆರೆದಾಯಿತು. ಎಂಟು ಡಯಾಲಿಸಿಸ್ ಮೆಷಿನ್, ಎಂಟು ಕುರ್ಚಿ. ಎಲ್ಲ ಸರಿ ಇವೆ. ರಿಜಿಸ್ಟರ್‌ಗೆ ತಾರೀಖು ಹಾಕಿದೆ.

ನನ್ನ ತಲೆಯ ಮೇಲೆ ಆಸ್ಪತ್ರೆಯ ಬೋರ್ಡ್: ‘ಮೊದಲು ಬಂದವರಿಗೆ ಮೊದಲ ಆದ್ಯತೆ’. ಆರು ವರ್ಷದಿಂದ ಅದರ ಕೆಳಗೇ ಕೂತಿದ್ದೇನೆ. ಇವತ್ತು ಮೊದಲ ಸಲ ಗಡಿಯಾರ ನೋಡಿ ಬರೆದುಕೊಂಡೆ. ಟೈಲರಕ್ಕ 5.20. ಮೇಷ್ಟ್ರು 5.25. ಕಂಟ್ರಾಕ್ಟರ್ 5.40. ಎಲ್ಲರಿಗಿಂತ ಕೊನೆಗೆ ಟೈಮ್‌ಕೀಪರ್, 5.58. ಬಸ್ ಡಿಪೋದಲ್ಲಿ ಬೇರೆಯವರಿಗೆ ಲೇಟ್ ಮಾರ್ಕ್ ಹಾಕುವ ಮನುಷ್ಯ ಇಲ್ಲಿ ದಿನಾ ಲೇಟು. ಊರಾಚೆಯಿಂದ ಬರುವ ಮೊದಲ ಬಸ್ಸೇ ಅಷ್ಟು ಹೊತ್ತಿಗೆ, ಏನು ಮಾಡ್ತಾರೆ ಪಾಪ.

ಸಿಸ್ಟರ್ ಮೊದಲು ಸೂಜಿ ಹಾಕಿದ್ದು ಯಾರಿಗೆ? ಟೈಮ್‌ಕೀಪರ್‌ಗೆ. ಯಾರೂ ತುಟಿ ಎರಡು ಮಾಡಲಿಲ್ಲ.

ಮೇಷ್ಟ್ರನ್ನು ಕೇಳಿದೆ. ಹನ್ನೊಂದು ವರ್ಷದಿಂದ ಬರುತ್ತಿರುವವರು, ಇಲ್ಲಿನ ಹಿರಿಯರು.

“ಈ ರೂಲ್ ಯಾರು ಮಾಡಿದ್ದು ಸಾರ್?”

“ಯಾವ ರೂಲು?”

“ಟೈಮ್‌ಕೀಪರ್‌ಗೆ ಮೊದಲು ಅಂತ.”

“ಅದು ರೂಲಾ? ಹನ್ನೆರಡಕ್ಕೆ ಅವನು ಡ್ಯೂಟೀಲಿರಬೇಕಪ್ಪ. ನಾನು ಬೇಗ ಮನೆಗೆ ಹೋಗಿ ಯಾರನ್ನ ಉದ್ಧಾರ ಮಾಡಬೇಕು? ನಿಮ್ಮ ಟೀಚರಮ್ಮ ಬಾಗಿಲೇ ತೆಗೆಯಲ್ಲ, ಸೀರಿಯಲ್ ಮುಗಿಯೋವರೆಗೂ.”

ಗಡಿಯಾರ ನೋಡಿದ್ದಕ್ಕೆ ಕಾರಣ — ಸಂಜೆ ಲಾ ಕಾಲೇಜಿನ ಅಸೈನ್‌ಮೆಂಟ್. ನಿನ್ನೆ ಮೇಡಂ ಹೇಳಿದ್ದು: ನಿಮ್ಮ ಕೆಲಸದ ಜಾಗದಲ್ಲಿ ಎಲ್ಲೂ ಬರೆದಿರದ ಒಂದು ಕಾನೂನು ಹುಡುಕಿ. ಮುರಿದವರಿಗೆ ಏನಾಗುತ್ತೆ, ನೋಡಿ ಬನ್ನಿ. 21ಕ್ಕೆ ಕೊನೆ ದಿನ.

ಮಾರ್ಚ್ 6, ಗುರುವಾರ

ಪುಸ್ತಕ ಓದಿದೆ. ಮೊದಲ ಅಧ್ಯಾಯ: ಕಾನೂನು ಅಂದರೆ ಸರ್ಕಾರದ ಆಜ್ಞೆ, ಹಿಂದೆ ಲಾಠಿ. ಎರಡನೆಯದು: ಕಾನೂನು ಅಂದರೆ ಗಟ್ಟಿ ಕೈ ಇರುವವರು ತಮಗಾಗಿ ಬರೆದುಕೊಂಡದ್ದು. ಇವೆರಡನ್ನೂ ಒಪ್ಪಿದೆ. ಪೇಪರ್ ಓದಿ ಬೆಳೆದವನು, ದಿನಾ ಮುಖಪುಟದಲ್ಲಿ ನೋಡಿದ್ದೇ.

ಮೂರನೆಯದು ವಿಚಿತ್ರ. ಅಸಲಿ ಕಾನೂನು ಕೋರ್ಟಿನಲ್ಲಿಲ್ಲವಂತೆ. ಜನ ಒಟ್ಟಿಗೆ ಬದುಕುವಾಗ ತಾವೇ ಪಾಲಿಸುವುದು ಅದು. ಕೋರ್ಟಿಗೆ ಹೋಗುವುದು ಅದು ಕೆಟ್ಟಾಗ ಮಾತ್ರ.

ಮಾರ್ಜಿನ್‌ನಲ್ಲಿ ಬರೆದೆ — ಪುರಾವೆ?

ಮಾರ್ಚ್ 11, ಮಂಗಳವಾರ

ಪುರಾವೆ ಸಿಕ್ಕಿತು.

ಇಲ್ಲಿ ಒಂದೇ ನ್ಯೂಸ್‌ಪೇಪರ್. ಮೇಷ್ಟ್ರು ತರುತ್ತಾರೆ, ಹಾಳೆ ಬಿಡಿಸುತ್ತಾರೆ. ಒಂದೊಂದು ಹಾಳೆ ಕುರ್ಚಿಯಿಂದ ಕುರ್ಚಿಗೆ ದಾಟುತ್ತೆ, ಕೊನೆಗೆ ನನ್ನ ಕೌಂಟರ್‌ಗೆ. ಒಂದು ಕೈ ಮೆಷಿನ್‌ಗೆ ಕಟ್ಟಿಸಿಕೊಂಡವರು ಇನ್ನೊಂದು ಕೈಯಲ್ಲಿ ಎಷ್ಟು ಹುಷಾರಾಗಿ ದಾಟಿಸುತ್ತಾರೆ!

ಇವತ್ತು ಕಂಟ್ರಾಕ್ಟರ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಅದು ಎರಡನೇ ಕುರ್ಚಿ, ಅಜ್ಜಿಯದು. ಅಜ್ಜಿಗೆ ಉಸಿರು ಕಟ್ಟುತ್ತೆ, ಗಾಳಿ ಬೇಕು. ಬೋರ್ಡಿನ ಪ್ರಕಾರ ಕಂಟ್ರಾಕ್ಟರ್ ತಪ್ಪು ಮಾಡಿಲ್ಲ, ಅಜ್ಜಿಗಿಂತ ಮೊದಲು ಬಂದವರು ಅವರೇ. ಯಾರೂ ಜಗಳ ಆಡಲಿಲ್ಲ. ಅಜ್ಜಿ ಏಳನೇ ಕುರ್ಚಿಗೆ ಹೋದರು.

ಪೇಪರ್ ಹೊರಟಿತು. ಟೈಲರಕ್ಕ ಒಂದನೇ ಕುರ್ಚಿಯಿಂದ ಹಾಳೆ ಚಾಚಿದರು — ಕಂಟ್ರಾಕ್ಟರ್ ಮೂಗಿನ ಮುಂದೆಯೇ ದಾಟಿ ಮೂರನೇ ಕುರ್ಚಿಯ ಟೈಮ್‌ಕೀಪರ್ ಕೈಗೆ. ಎರಡನೇ ಹಾಳೆಯೂ ಹಾಗೇ. ಮೂರನೆಯದೂ. ಕಂಟ್ರಾಕ್ಟರ್ ನಾಲ್ಕು ಗಂಟೆ ಸೀಲಿಂಗ್ ಓದಿದರು.

ಲಾಠಿ ಇಲ್ಲ. ಜಡ್ಜ್ ಇಲ್ಲ. ಒಂದು ಹಾಳೆ ದಾಟಿ ಹೋಯಿತು, ಅಷ್ಟೇ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಕಂಟ್ರಾಕ್ಟರ್ ತಾವಾಗಿಯೇ ಏಳನೇ ಕುರ್ಚಿಗೆ ಹೋದರು. ಹೋಗುವ ಮುಂಚೆ ಅಜ್ಜಿಯ ದಿಂಬು ಸರಿ ಮಾಡಿದರು. ಪೇಪರ್ ಅವರಿಗೂ ಬಂತು. ಕ್ರೀಡಾ ಪುಟ ಮೊದಲು!

ಹತ್ತು ನಿಮಿಷದಲ್ಲಿ, ಇನ್ನೂ ಯಾರಿಗೂ ಸೂಜಿ ಹಾಕುವ ಮುಂಚೆ, ಆರನೇ ಮೆಷಿನ್ ಕೆಟ್ಟಿತು. ಪಾರ್ಟ್ ಬರಲು ಎರಡು ವಾರ. ಎಂಟು ಜನ, ಏಳು ಮೆಷಿನ್. ಒಬ್ಬರು ಸಂಜೆ ಶಿಫ್ಟ್‌ಗೆ ಹೋಗಬೇಕು.

ಬೋರ್ಡ್ ಪ್ರಕಾರ ಕೊನೆಗೆ ಬಂದವರು. ಅಂದರೆ ಟೈಮ್‌ಕೀಪರ್. ಅವರ ವಿಷಯ ಇಲ್ಲಿ ಎಲ್ಲರಿಗೂ ಗೊತ್ತು — ಮೊದಲು ಡ್ರೈವರ್, ಕಿಡ್ನಿ ಹೋದ ಮೇಲೆ ಲೈಟ್ ಡ್ಯೂಟಿ. ಡ್ಯೂಟಿ ಹನ್ನೆರಡರಿಂದ ಎಂಟು. ಸಂಜೆ ಡಯಾಲಿಸಿಸ್ ಅಂದರೆ ಆ ದಿನ ಗೈರು. ತಿಂಗಳಿಗೆ ಮೂರು ಗೈರಾದರೆ ಲೈಟ್ ಡ್ಯೂಟಿ ರದ್ದು, ಮತ್ತೆ ಸ್ಟೀರಿಂಗ್. ಸ್ಟೀರಿಂಗ್ ಹಿಡಿಯಲು ಡಾಕ್ಟರ್ ಬಿಡಲ್ಲ. ಅಂದರೆ ಕೆಲಸವೇ ಹೋಯಿತು. ಈ ತಿಂಗಳು ಜ್ವರ ಬಂದಿದ್ದಾಗ ಆಗಲೇ ಒಂದು ಗೈರು ಆಗಿದೆ.

ಸಿಸ್ಟರ್ ಬಾಯಿ ತೆರೆಯುವ ಮುಂಚೆ ಟೈಲರಕ್ಕ ಎದ್ದರು.

“ಅಯ್ಯೋ, ಒಂದು ಬ್ಲೌಸ್ ಡೆಲಿವರಿ ಇದೆ ಕಣ್ರೀ, ಮರೆತೇ ಹೋಗಿತ್ತು. ನಾನು ಸಂಜೆ ಬರ್ತೀನಿ.”

5.20ಕ್ಕೆ ಬಂದು ಕಾದವರು. ಯಾವ ಬ್ಲೌಸು?

ಮಾರ್ಚ್ 15, ಶನಿವಾರ

ಇವತ್ತು ಅಜ್ಜಿ. “ಮೊಮ್ಮಗಳು ಫೋನ್ ಮಾಡ್ತೀನಿ ಅಂದಿದ್ಲು, ಮನೇಲಿರಬೇಕು.” ಫೋನ್ ಅವರ ಕೈಯಲ್ಲೇ ಇತ್ತು.

ಮೀಟಿಂಗ್ ಆಗಿಲ್ಲ. ಗುಸುಗುಸು ಇಲ್ಲ. ನಾನು ಆರು ವರ್ಷದಿಂದ ಇಲ್ಲೇ ಇದ್ದೇನೆ, ನನಗೇ ಗೊತ್ತಾಗಲಿಲ್ಲ ಇದು ಎಲ್ಲಿ ತೀರ್ಮಾನವಾಗುತ್ತೆ ಅಂತ. ಹೊಳೆ ನೀರು ತಾನೇ ದಾರಿ ಮಾಡಿಕೊಂಡ ಹಾಗೆ. ಬೆರಗಾಗಿ ಕೂತಿದ್ದೆ. ಬಿಲ್ ತಪ್ಪು ಕೊಟ್ಟೆ ಒಬ್ಬರಿಗೆ.

ಇದನ್ನು ಬರೆದಿಡಬೇಕು. ಇಷ್ಟು ಒಳ್ಳೆಯದು ಬರೆಯದೆ ಹೋದರೆ ಹೇಗೆ?

ಮಾರ್ಚ್ 17, ಸೋಮವಾರ

ಬರೆದೆ. ಅಂದವಾಗಿ ಬಂತು. ‘ಮೆಷಿನ್ ಕೆಟ್ಟಾಗ ಪ್ರತಿಯೊಬ್ಬರೂ ಕುರ್ಚಿ ಸಂಖ್ಯೆಯ ಸರದಿಯಂತೆ ಒಂದು ದಿನ ಸಂಜೆ ಶಿಫ್ಟ್‌ಗೆ ಹೋಗತಕ್ಕದ್ದು.’ ಕೆಳಗೆ ಪಟ್ಟಿ. ಒಂದು, ಎರಡರ ಮುಂದೆ ಟಿಕ್.

ಮ್ಯಾನೇಜರ್ ಭುಜ ತಟ್ಟಿದರು. ಮಧ್ಯಾಹ್ನದೊಳಗೆ ಲ್ಯಾಮಿನೇಟ್ ಆಗಿ ಗೋಡೆಗೆ. ಹಳೇ ಬೋರ್ಡಿನ ಪಕ್ಕದಲ್ಲೇ.

ಹೆಂಡತಿಗೆ ಹೇಳಿದೆ. “ನನಗೂ ಒಂದು ಲ್ಯಾಮಿನೇಟ್ ಮಾಡಿಸ್ಕೊಡಿ,” ಅಂದಳು. “ಮಂಗಳವಾರ ಪ್ರೀತಿ, ಗುರುವಾರ ಜಗಳ. ಮರೆತುಹೋಗ್ತಾ ಇರುತ್ತೆ ನಂಗೆ.” ನಕ್ಕೆ.

ಮಾರ್ಚ್ 18, ಮಂಗಳವಾರ

ಮೂರನೇ ಕುರ್ಚಿ. ಟೈಮ್‌ಕೀಪರ್.

ಬರೆಯುವಾಗ ಹೊಳೆಯಲೇ ಇಲ್ಲ. ‘ಪ್ರತಿಯೊಬ್ಬರೂ’ ಅಂತ ಬರೆದೆ, ನ್ಯಾಯವಾಗಿರಲಿ ಅಂತ. ಅವರ ಹೆಸರು ಆ ಸರದಿಯಲ್ಲಿ ಯಾವತ್ತೂ ಇರಲೇ ಇಲ್ಲ. ಇಷ್ಟೆಲ್ಲ ನಡೆದದ್ದೇ ಅವರಿಗಾಗಿ.

ಟೈಲರಕ್ಕನ ಮುಖ ನೋಡಿದೆ. “ನಂದು ಟಿಕ್ ಆಗಿದೆಯಲ್ಲ,” ಅಂದರು. ಕಂಟ್ರಾಕ್ಟರ್ ಪಟ್ಟಿ ನೋಡಿದರು. “ಮೂರು ಅಂತಿದೆ. ನಂದು ಏಳು.” ಮೊನ್ನೆ ಮೊನ್ನೆ ತಾವಾಗಿಯೇ ಕುರ್ಚಿ ಬಿಟ್ಟುಕೊಟ್ಟ ಜನ ಇವರೇ. ಒಂದು ಪಟ್ಟಿ ಹಾಕಿ ನಾನೇ ಅವರನ್ನು ಆ ಹೊಣೆಯಿಂದ ಬಿಡುಗಡೆ ಮಾಡಿದ್ದೆ.

ಮೇಷ್ಟ್ರು ಏಳಹೋದರು. ಟೈಮ್‌ಕೀಪರ್ ಬಿಡಲಿಲ್ಲ. “ಕೂತ್ಕೊಳ್ಳಿ ಸಾರ್. ರೂಲ್ ಅಂದ್ರೆ ರೂಲು. ನಾನೂ ಡಿಪೋದಲ್ಲಿ ಅದನ್ನೇ ಹೇಳೋದು.” ಚೀಲ ತೆಗೆದುಕೊಂಡು ಹೋದರು. ಎರಡನೇ ಗೈರು.

ಪೇಪರ್ ಎಂಟನೇ ಕುರ್ಚಿಯವರೆಗೂ ಹೋಯಿತು. ಕೌಂಟರ್‌ಗೆ ಬರಲಿಲ್ಲ. ಮೇಷ್ಟ್ರು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆರು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 19, ಬುಧವಾರ

ಪಟ್ಟಿ ಕಿತ್ತೆ. ನಾಲ್ಕು ಮೂಲೆ ಟೇಪ್, ಗೋಡೆಯ ಸುಣ್ಣವೂ ಬಂತು.

ಮ್ಯಾನೇಜರ್: “ಸರಿ, ಪಟ್ಟಿ ಬೇಡ ಅಂದ್ರೆ ಬೋರ್ಡೇ ಫೈನಲ್. ನಾಳೆ ಕೊನೆಗೆ ಬಂದವರು ಸಂಜೆಗೆ. ನನಗೆ ತಲೆನೋವು ಬೇಡ.”

ಕೊನೆಗೆ ಯಾರು ಬರುತ್ತಾರೆ ಅಂತ ಅವರಿಗೂ ಗೊತ್ತು. ನನಗೂ ಗೊತ್ತು. ಮೂರನೇ ಗೈರು.

ಹೆಂಡತಿ ಟೀ ತಂದಿಟ್ಟಳು. ಸಕ್ಕರೆ ಒಂದು ಚಮಚ ಹೆಚ್ಚು. ನನಗೆ ಬೇಜಾರಾದ ದಿನ ಹಾಗೇ ಹಾಕುತ್ತಾಳೆ. ಹದಿನಾಲ್ಕು ವರ್ಷ ಆಯಿತು, ಇವತ್ತು ಗಮನಿಸಿದೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ 5.50

ಏಳು ಜನ ಬಂದಿದ್ದಾರೆ. ಮೆಷಿನ್ ಏಳು. ಸಿಸ್ಟರ್ ಟ್ರೇ ಹಿಡಿದು ನಿಂತಿದ್ದಾರೆ.

ಯಾರೂ ಕೂತಿಲ್ಲ.

ಟೈಲರಕ್ಕ ಗೋಡೆಗೆ ಒರಗಿದ್ದಾರೆ. ಅಜ್ಜಿಯೂ ನಿಂತಿದ್ದಾರೆ, ಕುರ್ಚಿಯ ಬೆನ್ನು ಹಿಡಿದು. “ಕೂತ್ಕೊಳ್ಳಿ ಅಜ್ಜಿ,” ಅಂದೆ. “ಇರ್ಲಿ ಬಿಡಪ್ಪ, ಕೂತೂ ಕೂತೂ ಸೊಂಟ ಹೋಗಿದೆ,” ಅಂದರು.

6.20

5.58ಕ್ಕೆ ಟೈಮ್‌ಕೀಪರ್ ಬಂದರು. ಬಾಗಿಲಲ್ಲೇ ನಿಂತರು. ಬೋರ್ಡ್ ನೋಡಿದರು, ತಿರುಗಿದರು.

ಆಗ ಕಂಟ್ರಾಕ್ಟರ್ ಜೋರಾಗಿ ವಾಚ್ ನೋಡಿಕೊಂಡರು. “ಥತ್! ಇವತ್ತು ಸೈಟ್‌ನಲ್ಲಿ ಸ್ಲ್ಯಾಬ್ ಹಾಕ್ತಿದ್ದಾರೆ. ನಾನಿಲ್ಲದೆ ಇದ್ರೆ ಹಾಳು ಮಾಡ್ತಾರೆ. ನಾನು ಸಂಜೆ ಬರ್ತೀನಿ ಸಿಸ್ಟರ್.”

ಅವರಿಗೆ ಸೈಟ್ ಇಲ್ಲ. ಎರಡು ವರ್ಷ ಆಯಿತು, ಕೆಲಸ ಬಿಟ್ಟು. ರಿಜಿಸ್ಟರ್‌ನಲ್ಲಿ ನಾನೇ ಬರೆದಿದ್ದೇನೆ — ಉದ್ಯೋಗ: ಇಲ್ಲ.

“ಸ್ಲ್ಯಾಬ್ ಅಂದ್ರೆ ಹೋಗಲೇಬೇಕು,” ಅಂದರು ಮೇಷ್ಟ್ರು, ಗಂಭೀರವಾಗಿ.

“ನೀರು ಸರಿಯಾಗಿ ಹಾಕಿಸಿ,” ಅಂದರು ಟೈಲರಕ್ಕ.

ಆಮೇಲೆ ಎಲ್ಲರೂ ಕೂತರು. ಸಿಸ್ಟರ್ ಮೂರನೇ ಕುರ್ಚಿಯಿಂದ ಶುರು ಮಾಡಿದರು. ಟೈಮ್‌ಕೀಪರ್ ಕಣ್ಣು ಮುಚ್ಚಿಕೊಂಡಿದ್ದರು, ತೋಳು ಚಾಚಿ. ಮ್ಯಾನೇಜರ್ ಕೇಳಿದರೆ ರಿಜಿಸ್ಟರ್ ತೋರಿಸುತ್ತೇನೆ: ಒಬ್ಬರು ಸ್ವಂತ ಕೆಲಸದ ನಿಮಿತ್ತ ಸಂಜೆಗೆ.

10.05

ಅಸೈನ್‌ಮೆಂಟ್ ನಾಳೆ ಕೊಡಬೇಕು. ಬಿಳಿ ಹಾಳೆ ತೆಗೆದಿಟ್ಟೆ. ಶೀರ್ಷಿಕೆ ಹಾಕಿದೆ. ‘ಇಲ್ಲಿನ ಕಾನೂನು ಏನೆಂದರೆ’ ಅಂತ ಶುರು ಮಾಡಿದೆ, ನಿಲ್ಲಿಸಿದೆ. ಮೇಡಂಗೆ ಏನು ಹೇಳಲಿ? ನೋಡಿದೆ, ಇದೆ. ಕೈಯಲ್ಲಿ ಹಿಡಿದೆ, ಅಷ್ಟರಲ್ಲಿ—

ತಡಿ. ಎಂಟನೇ ಕುರ್ಚಿಯಿಂದ ಮೇಷ್ಟ್ರು ಕೈ ಚಾಚುತ್ತಿದ್ದಾರೆ. ಕ್ರೀಡಾ ಪುಟ. ಈ ಕಡೆಗೇ